ಬ್ರೇಕ್ ಹಿಡಿದರೆ ಮುಂದೆ ಕುಸಿಯುವ ಬೈಕ್: ಫೋರ್ಕ್ ಸ್ಪ್ರಿಂಗ್ ಅಳೆದು, ಗುರುತಿಸಿ, ಬದಲಿಸುವ ಬಗೆ

ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಬ್ರೇಕ್ ಹಿಡಿದೆ, ಸರಿಯಾಗಿ ಅದೇ ಜಾಗದಲ್ಲಿ ಗುಂಡಿ. ಮುಂದಿನ ಶಾಕಪ್‌ನಿಂದ ‘ಧಡ್’ ಅಂತ ಶಬ್ದ ಬಂತು. ಹ್ಯಾಂಡಲ್ ಮೂಲಕ ಮೊಣಕೈವರೆಗೂ ಏಟು ಮುಟ್ಟಿತು. ಹಿಂದೆ ಕೂತಿದ್ದ ಹೆಂಡತಿ, “ಏನ್ರೀ ಅದು, ಏನಾದ್ರೂ ಮುರೀತಾ?” ಅಂದಳು. ಮುರಿದಿರಲಿಲ್ಲ. ಫೋರ್ಕ್, ಅಂದರೆ ಮುಂದಿನ ಶಾಕಪ್ ಜೋಡಿ, ತನ್ನ ಪೂರ್ತಿ ಟ್ರಾವೆಲ್ (ಕುಸಿಯಬಲ್ಲ ದೂರ) ಮುಗಿಸಿ ತಳಕ್ಕೆ ಬಡಿದಿತ್ತು.

ನಾವಿರುವುದು ಚಿಕ್ಕಮಗಳೂರಿನಲ್ಲಿ, ಹೆಂಡತಿಯ ತವರು ಉಜಿರೆ ಕಡೆ. ತಿಂಗಳಿಗೊಮ್ಮೆ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವುದು, ಮತ್ತೆ ಹತ್ತುವುದು ತಪ್ಪಿದ್ದಲ್ಲ. ಬೈಕ್ 350 ಸಿಸಿ, ಟೂರಿಂಗ್‌ಗೆ ಅಂತಲೇ ತಗೊಂಡದ್ದು, 46,000 ಕಿಮೀ ಓಡಿತ್ತು. ಎರಡು ಕಡೆ ಬ್ಯಾಗು, ಹಿಂದೆ ಒಬ್ಬರು. ಮುಂದೆ 41 ಮಿಮೀ ದಪ್ಪದ ಸಾದಾ ಟೆಲಿಸ್ಕೋಪಿಕ್ ಫೋರ್ಕ್, 130 ಮಿಮೀ ಟ್ರಾವೆಲ್. ಕೆಳಗೆ ಬರುವ ಅಳತೆಗಳೆಲ್ಲ ಈ ಒಂದು ಬೈಕಿನವು. ನಿಮ್ಮ ಬೈಕಿನ ಅಂಕಿ ಬೇರೆ ಇರುತ್ತದೆ, ಆದರೆ ಅಳೆಯುವ ದಾರಿ ಒಂದೇ.

ಈ ಕೆಲಸದಲ್ಲಿ ನಾನು ಒಂದು ಸಲ ತಪ್ಪು ದಾರಿ ಹಿಡಿದೆ. ಆ ತಪ್ಪಿನಿಂದಲೇ ವಿಷಯ ಅರ್ಥವಾಯಿತು. ಅದಕ್ಕೇ ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಸ್ಪ್ರಿಂಗ್ ಅಲ್ಲದ್ದನ್ನು ನೋಡಿ

ಮುಂದೆ ಕುಸಿಯುತ್ತದೆ ಅಂದ ಕೂಡಲೇ ಎಲ್ಲರೂ ಸ್ಪ್ರಿಂಗ್ ಕಡೆ ಕೈ ತೋರಿಸುತ್ತಾರೆ. ಆದರೆ ಫೋರ್ಕಿನ ಒಳಗೆ ಇಬ್ಬರು ಕೆಲಸಗಾರರಿದ್ದಾರೆ, ಸ್ಪ್ರಿಂಗ್ ಮತ್ತು ಆಯಿಲ್. ಎಷ್ಟು ಆಳಕ್ಕೆ ಕುಸಿಯಬೇಕು ಅನ್ನುವುದು ಸ್ಪ್ರಿಂಗಿನ ಲೆಕ್ಕ. ಎಷ್ಟು ಬೇಗ ಕುಸಿಯಬೇಕು, ಎಷ್ಟು ಬೇಗ ಎದ್ದು ಬರಬೇಕು ಅನ್ನುವುದು ಆಯಿಲಿನ ಲೆಕ್ಕ. ಇದೊಂದು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಬೈಕ್ ಮೇಲೆ ಕೂತು, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಜೋರಾಗಿ ಒತ್ತಿ ಬಿಡಿ. ಎದ್ದು ಬಂದು ನಿಂತರೆ ಸರಿ. ಎದ್ದು, ಮತ್ತೆ ಕುಸಿದು, ಮತ್ತೆ ಎದ್ದರೆ ಆಯಿಲ್ ಸತ್ತಿದೆ ಅಥವಾ ಕಡಿಮೆಯಾಗಿದೆ. ಟ್ಯೂಬ್ ಮೇಲೆ ಬೆರಳು ಸವರಿ ನೋಡಿ. ಎಣ್ಣೆಯ ಉಂಗುರದ ಗುರುತು ಬಂದರೆ ಸೀಲ್ ಸೋರುತ್ತಿದೆ. ನಮ್ಮ ಕಡೆ ತೋಟದ ರಸ್ತೆಯ ಕೆಸರು ಒಣಗಿ ಸೀಲಿನ ತುಟಿಯ ಒಳಗೆ ಸೇರಿಕೊಳ್ಳುತ್ತದೆ, ಅಲ್ಲಿಂದ ಸೋರುವುದು ಶುರು. ಸೀಲ್ ಹರಿದಿರಬೇಕು ಅಂತೇನೂ ಇಲ್ಲ. ಹಳೇ ಎಕ್ಸ್‌ರೇ ಫಿಲ್ಮ್ ತುಂಡೊಂದನ್ನು ಕತ್ತರಿಸಿ, ಅಂಚನ್ನು ನುಣುಪು ಮಾಡಿ, ಡಸ್ಟ್ ಸೀಲ್ ಎತ್ತಿ, ಆಯಿಲ್ ಸೀಲ್ ಮತ್ತು ಟ್ಯೂಬಿನ ನಡುವೆ ತೂರಿಸಿ ಸುತ್ತ ಒಂದು ಸಲ ಎಳೆದರೆ ಮಣ್ಣು ಹೊರಗೆ ಬರುತ್ತದೆ. ಎಷ್ಟೋ ಸಲ ಸೋರಿಕೆ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ಸೀಲ್ ಬದಲಿಸಲೇಬೇಕು. ಸೋರಿದ ಆಯಿಲ್ ಬ್ರೇಕ್ ಪ್ಯಾಡ್ ಮೇಲೆ ಇಳಿದರೆ ಆಮೇಲೆ ಕಥೆಯೇ ಬೇರೆ.

ಬ್ರೇಕ್ ಹಿಡಿದಾಗ ‘ಟಕ್’ ಅಂತ ಒಂದೇ ಪೆಟ್ಟು ಬಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ನೋಡಿ. ಮುಂದಿನ ಚಕ್ರ ಎತ್ತಿಸಿ, ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಸಡಿಲ ಕೈಗೇ ಗೊತ್ತಾಗುತ್ತದೆ. ಟೈರಿನ ಗಾಳಿಯನ್ನೂ ಬಿಡಬೇಡಿ, ಎಲ್ಲಕ್ಕಿಂತ ಮೊದಲು ಅದೇ. ಗಾಳಿ ಕಡಿಮೆಯಿರುವ ಟೈರೂ ಮುಂಭಾಗವನ್ನು ಮೆತ್ತಗೆ ಮಾಡುತ್ತದೆ.

ನನ್ನ ಬೈಕಿನಲ್ಲಿ ಎಡಗಡೆ ಸೀಲಿನ ಹತ್ತಿರ ತೆಳ್ಳಗೆ ಎಣ್ಣೆ ಕಂಡಿತು. ಹಾಗಾಗಿ ಆಯಿಲಿನ ತಪ್ಪೂ ಇತ್ತು. ಆದರೆ ತಳಕ್ಕೆ ಬಡಿಯುವುದು ಅಷ್ಟರಿಂದಲೇ ಅಂತ ನನಗೆ ಅನ್ನಿಸಲಿಲ್ಲ.

ಸ್ಯಾಗ್ ಅಳೆಯಿರಿ, ಎರಡು ಸಲ ಅಳೆಯಿರಿ

ಬೈಕ್ ತನ್ನ ಭಾರಕ್ಕೆ, ನಿಮ್ಮ ಭಾರಕ್ಕೆ ಎಷ್ಟು ಕೆಳಗೆ ಕೂರುತ್ತದೆ ಅನ್ನುವುದಕ್ಕೆ ಸ್ಯಾಗ್ ಅನ್ನುತ್ತಾರೆ. ಇದಕ್ಕೆ ಬೇಕಾದದ್ದು ಒಂದು ಅಳತೆ ಟೇಪು, ಒಂದು ಕೇಬಲ್ ಟೈ, ಸಹಾಯಕ್ಕೆ ಒಬ್ಬರು. ನಮ್ಮ ಮನೆಯಲ್ಲಿ ಟೇಪು ಹಿಡಿದದ್ದು ಹೆಂಡತಿ. ಹೊಲಿಗೆ ಟೇಪು ಎಳೆದರೆ ಉದ್ದವಾಗುತ್ತದೆ ಅಂತ ಅವಳೇ ಹೇಳಿ, ಮಗನ ಜಾಮಿಟ್ರಿ ಬಾಕ್ಸಿನಿಂದ ಸ್ಟೀಲ್ ಸ್ಕೇಲ್ ತಂದಳು.

ಮೊದಲು ಮುಂದಿನ ಚಕ್ರ ನೆಲ ಬಿಡುವ ಹಾಗೆ ಎತ್ತಿ. ಫೋರ್ಕ್ ಪೂರ್ತಿ ಚಾಚಿಕೊಳ್ಳುತ್ತದೆ. ಡಸ್ಟ್ ಸೀಲಿನ ಮೇಲಂಚಿನಿಂದ ಅದರ ಮೇಲೆ ಸಿಗುವ ಮೊದಲ ಕ್ಲ್ಯಾಂಪಿನ (ಟ್ಯೂಬನ್ನು ಬೈಕಿಗೆ ಹಿಡಿದಿಡುವ ಪಟ್ಟಿ) ಕೆಳಂಚಿನವರೆಗೆ ಟ್ಯೂಬಿನ ಉದ್ದಕ್ಕೇ ಅಳೆದು ಬರೆದಿಡಿ. ಆಮೇಲೆ ಚಕ್ರ ಇಳಿಸಿ, ಬೈಕ್ ನೆಟ್ಟಗೆ ಹಿಡಿದು ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಖಾಲಿ ಸ್ಯಾಗ್. ಇನ್ನು ಜಾಕೆಟ್, ಹೆಲ್ಮೆಟ್ ಎಲ್ಲ ಹಾಕಿಕೊಂಡು, ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟು ಕೂತು ಅಳೆಸಿ. ಅದು ಕೂತ ಸ್ಯಾಗ್.

ಇಲ್ಲಿ ಒಂದು ಸೂಕ್ಷ್ಮ ಇದೆ. ಸೀಲು, ಬುಷ್‌ಗಳ ಉಜ್ಜಾಟದಿಂದ ಫೋರ್ಕ್ ಪ್ರತಿಸಲ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಹ್ಯಾಂಡಲ್ ಸ್ವಲ್ಪ ಒತ್ತಿ, ಮೆಲ್ಲಗೆ ಮೇಲೆ ಬರಲು ಬಿಟ್ಟು ಒಂದು ಅಳತೆ. ಸ್ವಲ್ಪ ಎತ್ತಿ, ಮೆಲ್ಲಗೆ ಕೆಳಗೆ ಕೂರಲು ಬಿಟ್ಟು ಇನ್ನೊಂದು ಅಳತೆ. ಎರಡರ ಸರಾಸರಿ ತಗೊಳ್ಳಿ. ಎರಡರ ನಡುವೆ 15 ಮಿಮೀಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸ್ಪ್ರಿಂಗ್ ವಿಷಯ ಪಕ್ಕಕ್ಕಿಡಿ. ಫೋರ್ಕ್ ಎಲ್ಲೋ ಹಿಡಿಯುತ್ತಿದೆ. ಎಕ್ಸೆಲ್ (ಚಕ್ರದ ಅಚ್ಚು) ಕ್ಲ್ಯಾಂಪ್ ಅಡ್ಡಾದಿಡ್ಡಿ ಬಿಗಿಯಾಗಿರಬಹುದು, ಟ್ಯೂಬ್ ಬಾಗಿರಬಹುದು, ಬುಷ್ ಸವೆದಿರಬಹುದು.

ರಸ್ತೆ ಮೇಲೆ ಓಡುವ ಬೈಕಿಗೆ ಕೂತ ಸ್ಯಾಗ್ ಒಟ್ಟು ಟ್ರಾವೆಲ್‌ನ ಶೇ 30ರ ಆಸುಪಾಸು ಇದ್ದರೆ ಚೆನ್ನ. 130ಕ್ಕೆ ಅಂದರೆ 35ರಿಂದ 42 ಮಿಮೀ. ನನ್ನ ಬೈಕಿನಲ್ಲಿ ಬಂದದ್ದು: ಖಾಲಿ 34, ನಾನೊಬ್ಬನೇ ಕೂತರೆ 50, ಹೆಂಡತಿಯೂ ಬ್ಯಾಗೂ ಸೇರಿದರೆ 57. ಗುಂಡಿ ಬರುವ ಮೊದಲೇ ಟ್ರಾವೆಲ್‌ನ ಶೇ 44 ಖರ್ಚಾಗಿ ಹೋಗಿತ್ತು.

ಟ್ಯೂಬಿಗೆ ಒಂದು ಕೇಬಲ್ ಟೈ ಕಟ್ಟಿ, ಜಾರುವಷ್ಟು ಬಿಗಿ ಮಾಡಿ, ಡಸ್ಟ್ ಸೀಲಿಗೆ ತಾಗಿಸಿ ಬಿಡಿ. ಫೋರ್ಕ್ ಎಷ್ಟು ಆಳಕ್ಕೆ ಹೋಯಿತೋ ಅಷ್ಟು ಮೇಲಕ್ಕೆ ಅದು ತಳ್ಳಿಸಿಕೊಂಡು ಅಲ್ಲೇ ನಿಲ್ಲುತ್ತದೆ. ಇಬ್ಬರೂ ಕೂತು, ಸಮತಟ್ಟು ರಸ್ತೆಯಲ್ಲಿ ಒಂದು ಜೋರು ಬ್ರೇಕ್ ಹಿಡಿದು, ಇಳಿದು, ಖಾಲಿ ಸ್ಯಾಗನ್ನೂ ಸೇರಿಸಿ ನೋಡಿದರೆ ಟೈ 110 ಮಿಮೀನಲ್ಲಿತ್ತು. ಇನ್ನು ಗುಂಡಿಗೆ ಉಳಿದದ್ದು 20.

ಒಂದಿಂಚು ಪೈಪಿನ ಪಾಠ

ಈ ಅಂಕಿಗಳನ್ನು ಬರೆದಿಟ್ಟುಕೊಂಡೆ, ಆದರೆ ಅವು ಏನು ಹೇಳುತ್ತಿವೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಒಂದು ಗ್ಯಾರೇಜಿಗೆ ಹೋದೆ. ಹುಡುಗ ಹ್ಯಾಂಡಲ್ ಒಂದೆರಡು ಸಲ ಒತ್ತಿ ನೋಡಿ, “ಅಣ್ಣಾ, ಸ್ಪ್ರಿಂಗ್ ಸತ್ತೋಗಿದೆ. ಒಂದಿಂಚು ಪೈಪ್ ಹಾಕಿದ್ರೆ ಗಟ್ಟಿ ಆಗುತ್ತೆ” ಅಂದ. ಸ್ಪ್ರಿಂಗ್ ಮೇಲೆ 25 ಮಿಮೀ ಸ್ಪೇಸರ್ ಕೂತಿತು. ಅಂಗಳದಲ್ಲಿ ಒತ್ತಿ ನೋಡಿದರೆ ನಿಜಕ್ಕೂ ಗಟ್ಟಿ ಅನ್ನಿಸಿತು. ಖುಷಿಯಾಗಿ ಮನೆಗೆ ಬಂದೆ.

ಮಾರನೇ ದಿನ ಕೈಮರ ದಾಟಿ ಮುಳ್ಳಯ್ಯನಗಿರಿ ರಸ್ತೆ ಹತ್ತುವಾಗ ಹೊಸ ಶಬ್ದ. ಸಣ್ಣ ಗುಂಡಿಗೆ ಚಕ್ರ ಇಳಿದಾಗ, ಹಂಪ್ ದಾಟಿದ ಮೇಲೆ, ‘ಟಕ್, ಟಕ್’. ಮುಂಭಾಗ ಎತ್ತರವಾಗಿ, ತಿರುವಿನಲ್ಲಿ ಬೈಕ್ ಬಾಗಲು ತಡ ಮಾಡುತ್ತಿತ್ತು. ಮನೆಗೆ ಬಂದು ಮತ್ತೆ ಅಳೆದೆವು. ಖಾಲಿ 9, ಕೂತರೆ 25.

ಹೆಂಡತಿ ಎರಡೂ ಚೀಟಿ ಪಕ್ಕಪಕ್ಕ ಇಟ್ಟು, “ರೀ, ಮೊದಲು 34ರಿಂದ 50. ಈಗ 9ರಿಂದ 25. ಎರಡೂ ಹದಿನಾರೇ ಅಲ್ವಾ?” ಅಂದಳು.

ಹೌದು, ಹದಿನಾರೇ. ನಾನು ಕೂತಾಗ ಬೈಕ್ ಮೊದಲು ಎಷ್ಟು ಕುಸಿಯುತ್ತಿತ್ತೋ ಸ್ಪೇಸರ್ ಹಾಕಿದ ಮೇಲೂ ಅಷ್ಟೇ ಕುಸಿಯುತ್ತಿತ್ತು. ಅಂದರೆ ಸ್ಪ್ರಿಂಗ್ ಒಂದಿಷ್ಟೂ ಗಟ್ಟಿಯಾಗಿರಲಿಲ್ಲ. ಸ್ಪೇಸರ್ ಮಾಡಿದ್ದು ಒಂದೇ ಕೆಲಸ, ಇಡೀ ಬೈಕಿನ ಮುಂಭಾಗವನ್ನು 25 ಮಿಮೀ ಮೇಲಕ್ಕೆ ಎತ್ತಿತು. ಬ್ರೇಕ್ ಹಿಡಿದಾಗ ಮುಳುಗುವ ದೂರ ಮೊದಲಿನಷ್ಟೇ ಇತ್ತು, ಶುರುವಾಗುವ ಜಾಗ ಮಾತ್ರ ಮೇಲೆ ಹೋಗಿತ್ತು. ತಳಕ್ಕೆ ಬಡಿಯುವುದು ಕಡಿಮೆಯಾಯಿತು ನಿಜ. ಆದರೆ ಗುಂಡಿಗೆ ಚಕ್ರ ಇಳಿಯಲು ಬರಿ 9 ಮಿಮೀ ಉಳಿದು, ಫೋರ್ಕ್ ಈಗ ಮೇಲಿನ ತುದಿಗೆ ಬಡಿಯುತ್ತಿತ್ತು. ಆ ‘ಟಕ್’ ಅದೇ.

ಗ್ಯಾರೇಜಿನ ಹುಡುಗನನ್ನು ನಾನು ದೂರುವುದಿಲ್ಲ. ಕೈಯಲ್ಲಿ ಒತ್ತಿದರೆ ಗಟ್ಟಿ ಅನ್ನಿಸುವುದು ಸಹಜ. ಸ್ಪ್ರಿಂಗ್ ಮೊದಲೇ ಒತ್ತಿಸಿಕೊಂಡು ಕೂತಿರುವುದರಿಂದ ಅಲುಗಾಡಿಸಲು ಜಾಸ್ತಿ ಬಲ ಬೇಕು. ಕೈಗೆ ತಿಳಿಯುವುದು ಅಷ್ಟೇ. ಟೇಪಿಗೆ ಮಾತ್ರ ಉಳಿದದ್ದೂ ತಿಳಿಯುತ್ತದೆ.

ಈ ಎರಡು ಸ್ಯಾಗ್‌ಗಳನ್ನು ಯಾವಾಗಲೂ ಜೊತೆಯಾಗಿಯೇ ಓದಬೇಕು. ಕೂತ ಸ್ಯಾಗನ್ನು ಸ್ಪೇಸರ್‌ನಿಂದ 35–40ಕ್ಕೆ ತಂದುಕೊಳ್ಳಿ. ಆಗ ಖಾಲಿ ಸ್ಯಾಗ್ 20–25ರ ಹತ್ತಿರ ಇದ್ದರೆ ಸ್ಪ್ರಿಂಗ್ ನಿಮ್ಮ ಭಾರಕ್ಕೆ ಸರಿಯಾಗಿದೆ. ಖಾಲಿ ಸ್ಯಾಗ್ ತೀರಾ ಕಡಿಮೆಯಾಗಿ 10ಕ್ಕಿಂತ ಕೆಳಗೆ ಬಂದರೆ ಸ್ಪ್ರಿಂಗ್ ನಿಮಗೆ ಮೆತ್ತಗಾಯಿತು. ಖಾಲಿ ಸ್ಯಾಗೇ 30 ದಾಟಿದರೆ ಸ್ಪ್ರಿಂಗ್ ಗಟ್ಟಿಯಾಯಿತು. ಕೇಳಲು ಉಲ್ಟಾ ಅನ್ನಿಸುತ್ತದೆ. ಗಟ್ಟಿ ಸ್ಪ್ರಿಂಗ್‌ಗೆ ಪ್ರೀಲೋಡ್ (ಭಾರ ಬೀಳುವ ಮೊದಲೇ ಸ್ಪ್ರಿಂಗನ್ನು ಒತ್ತಿಟ್ಟ ಅಳತೆ) ಕಡಿಮೆ ಸಾಕು, ಹಾಗಾಗಿ ಖಾಲಿ ಬೈಕೂ ಒಂದಷ್ಟು ಕೆಳಗೆ ಕೂರುತ್ತದೆ. ಮೆತ್ತಗಿನ ಸ್ಪ್ರಿಂಗನ್ನು ಬಲವಂತವಾಗಿ ಒತ್ತಿಟ್ಟರೆ ಮಾತ್ರ ನಿಮ್ಮ ಭಾರ ಹೊರುತ್ತದೆ, ಆಗ ಖಾಲಿ ಬೈಕಿಗೆ ಅದು ಅಲುಗುವುದೇ ಇಲ್ಲ.

ಈ ಲೆಕ್ಕದಲ್ಲಿ ನಾನೊಬ್ಬನೇ ಓಡಿಸುವುದಾದರೆ ಹಳೇ ಸ್ಪ್ರಿಂಗಿಗೆ 12–13 ಮಿಮೀ ಸ್ಪೇಸರ್ ಸಾಕಾಗುತ್ತಿತ್ತು. ಇದನ್ನು ಒಪ್ಪಿಕೊಳ್ಳಬೇಕು. ಆದರೆ ನಮ್ಮದು ಇಬ್ಬರ ಬೈಕು, ಬ್ಯಾಗಿನ ಬೈಕು, ಘಾಟಿ ಇಳಿಯುವ ಬೈಕು. ಇಳಿಜಾರಿನಲ್ಲಿ ಮುಂಭಾಗದ ಮೇಲೆ ಭಾರ ಇನ್ನೂ ಜಾಸ್ತಿ ಬೀಳುತ್ತದೆ. ಹಾಗಾಗಿ ಒಂದು ಮೆಟ್ಟಿಲು ಗಟ್ಟಿ ಸ್ಪ್ರಿಂಗ್ ಹಾಕಬೇಕು ಅಂತ ತೀರ್ಮಾನಿಸಿದೆ.

ಸ್ಪ್ರಿಂಗಿನ ಗುರುತು ಡಬ್ಬದ ಮೇಲಿಲ್ಲ, ತಂತಿಯಲ್ಲಿದೆ

“41 ಎಂಎಂ ಫೋರ್ಕ್ ಸ್ಪ್ರಿಂಗ್ ಕೊಡಿ” ಅಂತ ಕೇಳಿ ತರುವುದು ದೊಡ್ಡ ತಪ್ಪು. 41 ಅನ್ನುವುದು ಟ್ಯೂಬಿನ ಹೊರ ದಪ್ಪ. ಹಿಮಾಲಯನ್ 411, ಇಂಟರ್‌ಸೆಪ್ಟರ್ 650, ಎರಡಕ್ಕೂ 41 ಮಿಮೀ ಫೋರ್ಕೇ. ಆದರೆ ಮೊದಲನೆಯದರ ಟ್ರಾವೆಲ್ 200 ಮಿಮೀ, ಎರಡನೆಯದರದ್ದು 110. ಒಂದರ ಸ್ಪ್ರಿಂಗ್ ಇನ್ನೊಂದಕ್ಕೆ ಆಗುವ ಮಾತೇ ಇಲ್ಲ. ಬೈಕಿನ ಹೆಸರೊಂದೇ ಹೇಳಿದರೂ ಸಾಲದು, ವರ್ಷ ಬೇಕು. 2016ರ ಕೊನೆಯಲ್ಲಿ ಬಂದ ಡಾಮಿನಾರ್ 400ಕ್ಕೆ ಸಾದಾ 43 ಮಿಮೀ ಫೋರ್ಕ್ ಇತ್ತು, 2019ರಲ್ಲಿ ಅದೇ ಹೆಸರಿನ ಬೈಕಿಗೆ ತಲೆಕೆಳಗಾದ ಫೋರ್ಕ್ ಬಂತು. ಒಳಗಿನ ಸಾಮಾನೆಲ್ಲ ಬೇರೆ.

ಹಳೇ ಸ್ಪ್ರಿಂಗ್ ಹೊರಗೆ ತೆಗೆದ ಮೇಲೆ (ತೆಗೆಯುವ ಬಗೆ ಮುಂದಿದೆ) ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ನೆಟ್ಟಗಿನ ಗ್ರಾನೈಟ್ ಮೇಲೆ ಉರುಳಿಸಿ ನೋಡಿ. ಅಡುಗೆಮನೆ ಕಟ್ಟೆ ಇದಕ್ಕೆ ಬಹಳ ಒಳ್ಳೆಯದು, ಕೆಳಗೆ ಪೇಪರ್ ಹಾಸಿಕೊಳ್ಳಿ. ಬಾಗಿದ್ದರೆ ಕುಂಟುತ್ತಾ ಉರುಳುತ್ತದೆ. ಸುರುಳಿಗಳ ಹೊರಮೈ ಒಂದು ಕಡೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಟ್ಯೂಬಿಗೆ ಉಜ್ಜುತ್ತಿತ್ತು ಅಂತ ಅರ್ಥ.

ಈಗ ಉದ್ದ. ಕೈಪಿಡಿಯ ಪ್ರಕಾರ ನನ್ನ ಸ್ಪ್ರಿಂಗ್ ಹೊಸತಿದ್ದಾಗ 380 ಮಿಮೀ, 372ಕ್ಕಿಂತ ಗಿಡ್ಡವಾದರೆ ಬದಲಿಸಬೇಕು. ನನ್ನವು ಎಡಗಡೆ 368, ಬಲಗಡೆ 370 ಇದ್ದವು. ಸರ್ವಿಸ್ ಕೈಪಿಡಿಗಳಲ್ಲಿ ಈ ಮಿತಿ ಸಾಮಾನ್ಯವಾಗಿ ಶೇ 2ರ ಹತ್ತಿರವೇ ಇರುತ್ತದೆ.

‘ಸ್ಪ್ರಿಂಗ್ ಸತ್ತಿದೆ’ ಅನ್ನುವ ಮಾತನ್ನು ಇಲ್ಲಿ ಸರಿಯಾಗಿ ಬಿಡಿಸಿಕೊಳ್ಳಬೇಕು. ಉಕ್ಕಿನ ಸ್ಪ್ರಿಂಗ್ ವಯಸ್ಸಾದರೆ ಗಿಡ್ಡವಾಗುತ್ತದೆ, ಮೆತ್ತಗಾಗುವುದು ತೀರಾ ಕಮ್ಮಿ. ಗಿಡ್ಡವಾದರೆ ಪ್ರೀಲೋಡ್ ಹೋಗುತ್ತದೆ, ಬೈಕ್ ಕೆಳಗೆ ಕೂರುತ್ತದೆ. ಅದರ ಬಿಗಿತನ ನಿಂತಿರುವುದು ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಎಣಿಕೆ, ಈ ಮೂರರ ಮೇಲೆ. ತುಕ್ಕು ತಿಂದರೆ ಹೊರತು ಅವು ಬದಲಾಗುವುದಿಲ್ಲ.

ಲೆಕ್ಕ ಹೀಗೆ. ತಂತಿಯ ದಪ್ಪವನ್ನು ಮಿಮೀನಲ್ಲಿ ನಾಲ್ಕು ಸಲ ಬರೆದು ಗುಣಿಸಿ, ಅದನ್ನು 78,500ರಿಂದ ಗುಣಿಸಿ. ಈ ಸಂಖ್ಯೆ ಸ್ಪ್ರಿಂಗ್ ಉಕ್ಕಿನ ಗುಣ. ಇದು ಮೇಲಿನ ಸಾಲು. ಕೆಳಗಿನ ಸಾಲಿಗೆ ಸುರುಳಿಯ ಸರಾಸರಿ ಅಗಲವನ್ನು ಮೂರು ಸಲ ಬರೆದು ಗುಣಿಸಿ, 8ರಿಂದ ಗುಣಿಸಿ, ಕೆಲಸ ಮಾಡುವ ಸುತ್ತುಗಳ ಎಣಿಕೆಯಿಂದ ಗುಣಿಸಿ. ಮೇಲಿನದನ್ನು ಕೆಳಗಿನದರಿಂದ ಭಾಗಿಸಿದರೆ ಒಂದು ಮಿಮೀ ಒತ್ತಲು ಎಷ್ಟು ನ್ಯೂಟನ್ ಬೇಕು ಅಂತ ಸಿಗುತ್ತದೆ. ಸರಾಸರಿ ಅಗಲ ಅಂದರೆ ಹೊರ ಅಗಲದಿಂದ ಒಂದು ತಂತಿಯ ದಪ್ಪ ಕಳೆದದ್ದು. ಎರಡು ತುದಿಗಳಲ್ಲಿ ಮಲಗಿರುವ ಒಂದೊಂದು ಸುತ್ತು ಕೆಲಸ ಮಾಡುವುದಿಲ್ಲ, ಅವನ್ನು ಎಣಿಸಬೇಡಿ.

ನನ್ನ ಸ್ಪ್ರಿಂಗಿನ ತಂತಿ 4.8 ಮಿಮೀ, ಸರಾಸರಿ ಅಗಲ 27, ಕೆಲಸದ ಸುತ್ತು 35. ಲೆಕ್ಕ 7.56 ನ್ಯೂಟನ್ ಅಂತ ಬಂತು. ಅಂಗಡಿಯವರು ಹೇಳುವ ಭಾಷೆಯಲ್ಲಿ ಮಿಮೀಗೆ 0.77 ಕೆಜಿ. ಇದೇ ಸ್ಪ್ರಿಂಗನ್ನು 5 ಮಿಮೀ ತಂತಿಯಲ್ಲಿ ಮಾಡಿದ್ದರೆ 8.9 ಬರುತ್ತದೆ. ಬರಿ 0.2 ಮಿಮೀ ದಪ್ಪಕ್ಕೆ ಶೇ 18ರಷ್ಟು ಬಿಗಿ! ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೆ ವರ್ನಿಯರ್ ಬೇಕೇ ಬೇಕು. ತಂತಿಯನ್ನು ನಾಲ್ಕೈದು ಕಡೆ ಅಳೆಯಿರಿ. ಬಣ್ಣದ ಪದರ ಇದ್ದರೆ ಒಂದು ಕಡೆ ಕೆರೆದು ಅಳೆಯಿರಿ, ಪದರವೇ 0.1 ಮಿಮೀ ತಿನ್ನಬಹುದು.

ನನಗೆ ಲೆಕ್ಕದ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಗೆಳೆಯರೊಬ್ಬರ ತೋಟದಲ್ಲಿ ಕಾಫಿ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ, ಪಕ್ಕದ ಶೆಡ್‌ನಲ್ಲಿ ನಿಲ್ಲಿಸಿದ ಡ್ರಿಲ್ಲಿಂಗ್ ಮಷೀನ್ ಇದೆ. ತಕ್ಕಡಿಯನ್ನು ಡ್ರಿಲ್ ಕೆಳಗೆ ತಂದು, ಸ್ಪ್ರಿಂಗ್ ಬಾಗದ ಹಾಗೆ ಒಳಗೊಂದು ಗಿಡ್ಡ ಪೈಪ್ ನಿಲ್ಲಿಸಿ, ಮೇಲಿನಿಂದ ಡ್ರಿಲ್ ಹಿಡಿಕೆಯಲ್ಲಿ ಒತ್ತಿದೆವು. ಮಷೀನಿನ ಕರೆಂಟ್ ತೆಗೆದು, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಬೇಕಾದ ಕೆಲಸ ಇದು. 25 ಮಿಮೀ ಒತ್ತಿದಾಗ ತಕ್ಕಡಿ 19 ಕೆಜಿ ತೋರಿಸಿತು. 50ಕ್ಕೆ 38.5. 75ಕ್ಕೆ 58. ಲೆಕ್ಕಕ್ಕೆ ಕೂದಲೆಳೆಯಷ್ಟು ಹತ್ತಿರ. ಪ್ರತಿ 25 ಮಿಮೀಗೂ ಒಂದೇ ಥರ ಏರಿದ್ದರಿಂದ ಸ್ಪ್ರಿಂಗ್ ಏಕರೂಪದ್ದು ಅನ್ನುವುದೂ ಖಾತ್ರಿಯಾಯಿತು. ಸುರುಳಿಗಳು ಒಂದು ತುದಿಯಲ್ಲಿ ಒತ್ತೊತ್ತಾಗಿ, ಇನ್ನೊಂದು ತುದಿಯಲ್ಲಿ ಬಿಡಿಬಿಡಿಯಾಗಿ ಇದ್ದರೆ ಅದು ಪ್ರೋಗ್ರೆಸಿವ್ ಸ್ಪ್ರಿಂಗ್. ಅದರ ಬಿಗಿ ಒತ್ತಿದಷ್ಟೂ ಏರುತ್ತದೆ. ಮೇಲಿನ ಲೆಕ್ಕ ಅದಕ್ಕೆ ನೇರವಾಗಿ ಹೊಂದುವುದಿಲ್ಲ, ತಕ್ಕಡಿಯೇ ಗತಿ.

ಹೊಸದು ತರಿಸುವ ಮೊದಲು ಇನ್ನೊಂದು ಅಳತೆ ನೋಡಿ. ಸ್ಪ್ರಿಂಗ್ ಪೂರ್ತಿ ಒತ್ತಿ ಸುರುಳಿಗೆ ಸುರುಳಿ ತಾಗಿದರೆ ಎಷ್ಟು ಉದ್ದ ಆಗುತ್ತದೆ? ನಾನು ಆರಿಸಿದ್ದು 5 ಮಿಮೀ ತಂತಿಯದ್ದು. ತುದಿಯ ಎರಡೂ ಸೇರಿ ಒಟ್ಟು 37 ಸುತ್ತು, 5 ಮಿಮೀ ತಂತಿ, ಅಂದರೆ 185. ಹೊಸ ಸ್ಪ್ರಿಂಗ್ 380 ಮಿಮೀ. ಒತ್ತಲು ಸಿಗುವುದು 195. ಪ್ರೀಲೋಡ್ 15, ಟ್ರಾವೆಲ್ 130, ಸೇರಿದರೆ 145. ಇನ್ನೂ 50 ಉಳಿಯಿತು, ಸಾಕು. ಇಲ್ಲಿ ಉಳಿತಾಯ ಇಲ್ಲದಿದ್ದರೆ ಫೋರ್ಕ್ ತಳ ಮುಟ್ಟುವ ಮೊದಲೇ ಸ್ಪ್ರಿಂಗ್ ಕಬ್ಬಿಣದ ಕಂಬದ ಹಾಗೆ ನಿಂತುಬಿಡುತ್ತದೆ. ಸುಮ್ನೆ ಸ್ಪೇಸರ್ ಮೇಲೆ ಸ್ಪೇಸರ್ ಹಾಕುವುದರ ದೊಡ್ಡ ಅಪಾಯ ಇದು.

ಬಿಚ್ಚಿ ಹಾಕುವುದು

ಈಗ ಹೇಳುವುದು ಸಾದಾ ಡ್ಯಾಂಪರ್ ರಾಡ್ ಇರುವ ಫೋರ್ಕಿಗೆ. ತಲೆಕೆಳಗಾದ ಫೋರ್ಕು, ಕಾರ್ಟ್ರಿಜ್ ಇರುವ ಫೋರ್ಕುಗಳಿಗೆ ಸ್ಪ್ರಿಂಗ್ ಒತ್ತಿ ಹಿಡಿಯುವ ಬೇರೆ ಉಪಕರಣ ಬೇಕು. ಫೋರ್ಕಿನ ಎರಡು ಬದಿಗಳಿಗೆ ಕಾಲು ಅನ್ನುತ್ತೇನೆ. ಕೆಲವು ಬೈಕುಗಳಲ್ಲಿ ಸ್ಪ್ರಿಂಗ್ ಒಂದು ಕಾಲಿನಲ್ಲಿ, ಡ್ಯಾಂಪಿಂಗ್ (ಆಯಿಲಿನಿಂದ ವೇಗ ತಡೆಯುವ ಭಾಗ) ಇನ್ನೊಂದು ಕಾಲಿನಲ್ಲಿ ಇರುತ್ತದೆ. ಅಂಥವನ್ನು ಕೈಪಿಡಿ ಪಕ್ಕದಲ್ಲಿಲ್ಲದೆ ಬಿಚ್ಚಬೇಡಿ.

ಬೈಕ್ ಗಟ್ಟಿ ನೆಲದ ಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಕೆಳಗೆ ಮರದ ಹಲಗೆ ಇಟ್ಟು ಜಾಕ್ ಕೊಡಿ. ಸೈಲೆನ್ಸರ್ ಪೈಪಿಗೋ ಆಯಿಲ್ ಫಿಲ್ಟರಿಗೋ ಜಾಕ್ ತಾಗಬಾರದು. ಟ್ಯೂಬ್ ಮೇಲಿನ ಕ್ಲ್ಯಾಂಪಿನಿಂದ ಎಷ್ಟು ಮೇಲೆ ಎದ್ದಿದೆ ಅಂತ ಅಳೆದು ಬರೆದುಕೊಳ್ಳಿ, ವಾಪಸ್ ಹಾಕುವಾಗ ಅಷ್ಟೇ ಇಡಬೇಕು. ಮೇಲಿನ ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ, ಫೋರ್ಕಿನ ಕಾಲು ಇನ್ನೂ ಬೈಕಿನಲ್ಲೇ ಇರುವಾಗ ಫೋರ್ಕ್ ಕ್ಯಾಪನ್ನು (ಟ್ಯೂಬಿನ ಮೇಲ್ತುದಿಯ ಮುಚ್ಚಳ) ಸುತ್ತಿನ ನಾಲ್ಕನೇ ಒಂದು ಭಾಗದಷ್ಟು ಮಾತ್ರ ಸಡಿಲಿಸಿ. ಬೋಲ್ಟ್ ಬಿಗಿಯಿರುವಾಗ ಕ್ಯಾಪಿಗೆ ಪಾನಾ ಹಾಕಿದರೆ ಅಲ್ಯೂಮಿನಿಯಂ ಥ್ರೆಡ್ ಹಾಳಾಗುತ್ತದೆ. ಕಾಲು ಹೊರಗೆ ತೆಗೆದ ಮೇಲೆ ಕ್ಯಾಪ್ ಸಡಿಲಿಸೋಣ ಅಂದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಕ್ಯಾಲಿಪರ್ ತೆಗೆದು ಫ್ರೇಮಿಗೆ ದಾರದಲ್ಲಿ ಕಟ್ಟಿ, ಬ್ರೇಕ್ ಹೋಸಿನಿಂದ ನೇತಾಡಲು ಬಿಡಬೇಡಿ. ಆಮೇಲೆ ಬ್ರೇಕ್ ಲಿವರ್ ಮುಟ್ಟಬೇಡಿ, ಪಿಸ್ಟನ್ ಹೊರಗೆ ಬರುತ್ತದೆ. ಎಬಿಎಸ್ ಸೆನ್ಸರ್, ಚಕ್ರ, ಮಡ್‌ಗಾರ್ಡ್ ತೆಗೆದು, ಕೆಳಗಿನ ಕ್ಲ್ಯಾಂಪ್ ಸಡಿಲಿಸಿ ಕಾಲನ್ನು ತಿರುಗಿಸುತ್ತಾ ಕೆಳಗೆಳೆಯಿರಿ.

ಕ್ಯಾಪಿನ ಕೊನೆಯ ಎರಡು ಥ್ರೆಡ್ ಬರುವಾಗ ಹುಷಾರು. ಒಳಗೆ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ. ಮುಖ ಪಕ್ಕಕ್ಕಿಟ್ಟು, ಅಂಗೈಯಲ್ಲಿ ಬಟ್ಟೆ ಇಟ್ಟು ಕ್ಯಾಪನ್ನು ಕೆಳಕ್ಕೆ ಒತ್ತಿ ತಿರುಗಿಸಿ. ಸ್ಪೇಸರ್, ವಾಷರ್, ಸ್ಪ್ರಿಂಗ್ ಯಾವ ಕ್ರಮದಲ್ಲಿ, ಯಾವ ತುದಿ ಮೇಲಾಗಿ ಬಂತೋ ಹಾಗೇ ಪೇಪರ್ ಮೇಲೆ ಜೋಡಿಸಿ ಒಂದು ಫೋಟೋ ತೆಗೆದುಕೊಳ್ಳಿ. ಒತ್ತೊತ್ತಿನ ಸುರುಳಿ ಮೇಲೋ ಕೆಳಗೋ ಅನ್ನುವುದನ್ನು ಒಂದೊಂದು ಕಂಪನಿಯ ಕೈಪಿಡಿ ಒಂದೊಂದು ಥರ ಹೇಳುತ್ತದೆ. ಬಿಗಿತನ ಅದರಿಂದ ಬದಲಾಗುವುದಿಲ್ಲ, ಆದರೆ ಆಯಿಲಿನಲ್ಲಿ ಮುಳುಗುವ ಕಬ್ಬಿಣದ ಪ್ರಮಾಣ ಬದಲಾಗುತ್ತದೆ.

ಆಯಿಲನ್ನು ಅಳತೆ ಜಾಡಿಗೆ ಬಗ್ಗಿಸಿ, ಕಾಲನ್ನು ಹತ್ತಾರು ಸಲ ಒತ್ತಿ ಎಳೆದು ಪೂರ್ತಿ ಖಾಲಿ ಮಾಡಿ. ನನ್ನದು ಪಾತ್ರೆ ತಿಕ್ಕಿದ ಬೂದಿ ನೀರಿನ ಹಾಗೆ ಬಂತು, ತಳದಲ್ಲಿ ಲೋಹದ ಮಿಣುಕು. ಎಡಗಾಲಿನಲ್ಲಿ ಬಲಗಾಲಿಗಿಂತ 40 ಮಿಲೀ ಕಡಿಮೆ ಇತ್ತು. ಸೋರಿದ್ದು ಅಷ್ಟು. ಎರಡೂ ಕಡೆ ಸೀಲ್ ಬದಲಿಸಿದೆ. ಹಳೇ ಆಯಿಲನ್ನು ಡಬ್ಬಕ್ಕೆ ತುಂಬಿ, ಹಳೇ ಇಂಜಿನ್ ಆಯಿಲ್ ಸಂಗ್ರಹಿಸುವವರಿಗೆ ಕೊಡಿ. ಚರಂಡಿಗೆ ಸುರಿಯಬೇಡಿ. ನಮ್ಮ ಜಿಲ್ಲೆಯ ಗಿರಿಯಲ್ಲಿ ಹುಟ್ಟುವ ಯಗಚಿ ಬೇಲೂರಿನ ಮೇಲೆ ಹಾದು ಹೇಮಾವತಿ ಸೇರುತ್ತದೆ. ಇಲ್ಲಿ ಸುರಿದದ್ದು ಹಾಸನದವರ ನೀರಿಗೆ ಹೋಗುತ್ತದೆ.

ಹೊಸ ಆಯಿಲ್ ಕೈಪಿಡಿ ಹೇಳಿದ ದಪ್ಪದ್ದೇ ಇರಲಿ. ಒಂದು ಕಂಪನಿಯ 10 ಡಬ್ಲ್ಯೂ ಇನ್ನೊಂದು ಕಂಪನಿಯ 10 ಡಬ್ಲ್ಯೂಗೆ ಸಮ ಇರುವುದಿಲ್ಲ, ಹಾಗಾಗಿ ಎರಡು ಕಾಲಿಗೂ ಒಂದೇ ಡಬ್ಬದಿಂದ ಹಾಕಿ. ಮಿಲೀ ಲೆಕ್ಕಕ್ಕಿಂತ ಮಟ್ಟದ ಲೆಕ್ಕ ನಂಬಿ. ಸ್ಪ್ರಿಂಗ್ ಇಲ್ಲದೆ, ಕಾಲನ್ನು ಪೂರ್ತಿ ಒತ್ತಿ ನೆಟ್ಟಗೆ ನಿಲ್ಲಿಸಿ, ಟ್ಯೂಬಿನ ಬಾಯಿಂದ ಆಯಿಲ್ ಮೇಲ್ಮೈವರೆಗೆ ಅಳೆಯುವುದು. ಸ್ವಲ್ಪ ಜಾಸ್ತಿ ಹಾಕಿ, ಮೆಲ್ಲಗೆ ಒತ್ತಿ ಎಳೆದು ಗುಳ್ಳೆ ಬಿಡಿಸಿ, ಹತ್ತು ನಿಮಿಷ ಬಿಡಿ. ಆಮೇಲೆ ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ, ಬೇಕಾದ ಆಳಕ್ಕೆ ಗುರುತು ಮಾಡಿ, ಹೆಚ್ಚಾದದ್ದನ್ನು ಹೀರಿ ತೆಗೆಯಿರಿ. ಎರಡು ಕಾಲಿನಲ್ಲೂ ಮಿಮೀ ವ್ಯತ್ಯಾಸ ಇಲ್ಲದ ಹಾಗೆ ಕೂರುತ್ತದೆ. ಮೇಲೆ ಉಳಿದ ಗಾಳಿಯೂ ಒಂದು ಸ್ಪ್ರಿಂಗೇ. ಆಯಿಲ್ ಮಟ್ಟ ಏರಿಸಿದರೆ ಟ್ರಾವೆಲ್‌ನ ಕೊನೆಯಲ್ಲಿ ಫೋರ್ಕ್ ಇನ್ನಷ್ಟು ಬಿಗಿಯಾಗುತ್ತದೆ. ಆದರೆ ಅತಿ ಮಾಡಿದರೆ ಸೀಲ್ ಹೊರಗೆ ತಳ್ಳಿಸಿಕೊಳ್ಳುತ್ತದೆ.

ಪ್ರೀಲೋಡ್ ಅಳೆಯುವುದು ಸುಲಭ. ಕಾಲನ್ನು ಪೂರ್ತಿ ಎಳೆದು, ಸ್ಪ್ರಿಂಗ್, ವಾಷರ್, ಸ್ಪೇಸರ್ ಇಳಿಸಿ. ಸ್ಪೇಸರ್ ಟ್ಯೂಬಿನ ಬಾಯಿಂದ ಎಷ್ಟು ಹೊರಗೆ ಕಾಣುತ್ತದೋ ಅದಕ್ಕೆ ಕ್ಯಾಪ್ ಒಳಗೆ ಇಳಿಯುವ ಭಾಗದ ಉದ್ದ ಸೇರಿಸಿ. ಬಂದದ್ದೇ ಪ್ರೀಲೋಡ್. ನನಗೆ 15 ಬೇಕಿತ್ತು. ಗ್ಯಾರೇಜಿನ 25 ಮಿಮೀ ತುಂಡು ತೆಗೆದು, ಮೂಲ ಸ್ಪೇಸರನ್ನು ಲೇತ್‌ನಲ್ಲಿ 5 ಮಿಮೀ ಇಳಿಸಿಕೊಂಡೆ. ಪಿವಿಸಿ ಪೈಪ್ ಹಾಕುವವರೂ ಇದ್ದಾರೆ. ನಾನು ಅಲ್ಯೂಮಿನಿಯಂ ಇಷ್ಟಪಡುತ್ತೇನೆ. ಯಾವುದಾದರೂ ಸರಿ, ತುದಿ ನೇರವಾಗಿ ಕತ್ತರಿಸಿರಬೇಕು. ಓರೆಯಾದರೆ ಸ್ಪ್ರಿಂಗೂ ಓರೆಯಾಗಿ ಒತ್ತುತ್ತದೆ.

ಕ್ಯಾಪ್ ಹಾಕುವಾಗ ಓ-ರಿಂಗಿಗೆ ಆಯಿಲ್ ಸವರಿ, ಮೊದಲು ಹಿಂದಕ್ಕೆ ತಿರುಗಿಸಿ. ಥ್ರೆಡ್ ‘ಟಿಕ್’ ಅಂತ ಬೀಳುವುದು ಕೈಗೆ ಗೊತ್ತಾಗುತ್ತದೆ, ಅಲ್ಲಿಂದ ಮುಂದಕ್ಕೆ. ಪಾನಾ ಕೊನೆಯ ಬಿಗಿಗೆ ಮಾತ್ರ. ಚಕ್ರ ಕೂರಿಸಿ ಎಕ್ಸೆಲ್ ಬಿಗಿ ಮಾಡಿದ ಮೇಲೆ ಎಕ್ಸೆಲ್ ಕ್ಲ್ಯಾಂಪ್ ಬೋಲ್ಟ್ ಸಡಿಲವಾಗೇ ಇರಲಿ. ಕ್ಯಾಲಿಪರ್ ಕೂರಿಸಿ, ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ಹತ್ತಾರು ಸಲ ಒತ್ತಿ. ಇದನ್ನು ಮರೆತು ಬೈಕ್ ತೆಗೆದರೆ ಮೊದಲ ತಿರುವಿನಲ್ಲಿ ಬ್ರೇಕೇ ಇರುವುದಿಲ್ಲ. ಆಮೇಲೆ ಬೈಕ್ ಇಳಿಸಿ, ಬ್ರೇಕ್ ಹಿಡಿದು ಮುಂಭಾಗವನ್ನು ನಾಲ್ಕೈದು ಸಲ ಜೋರಾಗಿ ಕುಣಿಸಿ. ಎರಡು ಕಾಲೂ ತಮ್ಮ ಜಾಗಕ್ಕೆ ತಾವೇ ಬಂದು ನಿಲ್ಲುತ್ತವೆ. ಆಗ ಕ್ಲ್ಯಾಂಪ್ ಬೋಲ್ಟ್ ಬಿಗಿ ಮಾಡಿ. ಎಲ್ಲಾ ಬೋಲ್ಟಿಗೂ ಕೈಪಿಡಿಯ ಟಾರ್ಕ್, ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರಿಂದಲಾದರೂ ಒಂದು ದಿನಕ್ಕೆ ತನ್ನಿ.

ಮತ್ತೆ ಟೇಪು

ಹೊಸ ಸ್ಪ್ರಿಂಗ್ ಹಾಕಿದ ಸಂಜೆ ಅಂಗಳದಲ್ಲೇ ಅಳೆದೆವು. ಖಾಲಿ 22, ನಾನು ಕೂತರೆ 35, ಇಬ್ಬರೂ ಬ್ಯಾಗೂ ಸೇರಿ 41. ಈ ಸಲ ನಾನು ಕೂತಾಗ ಕುಸಿದದ್ದು 13, ಹದಿನಾರಲ್ಲ. ಜೋರು ಬ್ರೇಕಿನಲ್ಲಿ ಕೇಬಲ್ ಟೈ 86ರವರೆಗೆ ಹೋಗಿತ್ತು. ಗುಂಡಿಗೆ ಈಗ 44 ಉಳಿದಿತ್ತು, ಕೆಳಕ್ಕೆ ಚಾಚಿಕೊಳ್ಳಲೂ ಜಾಗ ಇತ್ತು. ಹಂಪ್ ದಾಟಿದ ಮೇಲೆ ಬರುತ್ತಿದ್ದ ‘ಟಕ್’ ನಿಂತಿತು.

ಮುಂದಿನ ತಿಂಗಳು ಉಜಿರೆಗೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಟ್ಯೂಬ್ ಒರೆಸಿ, ಕೇಬಲ್ ಟೈ ಕೆಳಗೆ ತಳ್ಳಿ ಘಾಟಿ ಇಳಿದೆವು. ಮಳೆ ಶುರುವಾಗಿತ್ತು, ಗುಂಡಿಗಳು ಮೊದಲಿಗಿಂತ ಜಾಸ್ತಿಯಾಗಿದ್ದವು. ಕೆಳಗೆ ಇಳಿದು ನಿಂತಾಗ ಹೆಂಡತಿಯೇ ಬಗ್ಗಿ ಸ್ಕೇಲ್ ಹಿಡಿದು ನೋಡಿದಳು. 104. ಸಾವಿರ ಕಿಮೀ ಆದ ಮೇಲೆ ಮತ್ತೆ ಸ್ಯಾಗ್ ಅಳೆದಾಗ ಖಾಲಿ 23 ಬಂತು. ಹೊಸ ಸ್ಪ್ರಿಂಗ್ ಮೊದಮೊದಲು ಒಂದು ಮಿಮೀ ಕೂರುವುದು ಸಾಮಾನ್ಯ, ಹಾಗಾಗಿ ಸ್ಪೇಸರ್ ಮುಟ್ಟಲಿಲ್ಲ. ಕ್ಲ್ಯಾಂಪ್ ಬೋಲ್ಟ್‌ಗಳನ್ನು ಅವತ್ತೇ ಇನ್ನೊಮ್ಮೆ ಪರೀಕ್ಷಿಸಿದೆ. ಎಡಗಡೆ ಸೀಲಿನ ಮೇಲೆ ಬೆರಳು ಸವರಿದರೆ ಒಣಗಿತ್ತು.